ಕಡಲಿನಂಥ ಸರೋವರ, ಸಿಹಿನೀರಿನ ಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಪುಣೆ–ಸೊಲ್ಲಾಪುರ ಹೆದ್ದಾರಿಯ ಭಿಗವಣದ ಮೀನೂಟ ಮತ್ತು ಅಲ್ಲಿನ ಉಜನಿ ಜಲಾಶಯದ ಮೀನುಗಳ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಉತ್ತರ ಅಮೆರಿಕದ ಮಹಾ ಸರೋವರಗಳ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯವನ್ನು ಹಿಡಿದುಕೊಂಡು ಮುಂಬಯಿ, ಪುಣೆ, ಗೋವೆಗಳಿಂದ ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಮಕ್ಕಳು ಶಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳಲ್ಲಿ ನೆಲೆಸಿರುವ ಮನೆಗಳು ನಮ್ಮ ಓದುಗರಲ್ಲಿ ಸಾಕಷ್ಟಿವೆ. ಹೋಗಿ ಬಂದವರು ಕಣ್ಣಾರೆ ಕಂಡದ್ದನ್ನು ಕೇಳಿದ್ದಾರೆ, ಹೋಗದವರು ಕಿವಿಗೆ ಬಿದ್ದದ್ದನ್ನು ಕೇಳಿದ್ದಾರೆ. ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಶಿಕಾಗೊಗೆ ಹೋಗಿದ್ದಾಗ ಮಿಶಿಗನ್ ಸರೋವರದ ದಂಡೆಯಲ್ಲಿ ನಿಂತು ನೋಡಿದೆವು. ಆಚೆಯ ದಡ ಕಾಣಲಿಲ್ಲ. ಅಲೆ, ಮರಳು, ದೀಪಸ್ತಂಭ ಎಲ್ಲವೂ ಇದ್ದವು, ಉಪ್ಪೊಂದು ಇರಲಿಲ್ಲ. ಅಂಗಡಿಯಲ್ಲಿ ಆ ಸರೋವರದ್ದೆಂದು ಮಾರುತ್ತಿದ್ದ ಮೀನುಗಳಲ್ಲಿ ಒಂದೂ ನಮಗೆ ಗುರುತಿನದಲ್ಲ. ಬಂಗುಡೆ, ಅಂಜಲ್ ಇಲ್ಲದಿರುವುದು ಸರಿ. ಸಿಹಿನೀರಿನವೇ ಆದ ರೋಹು, ಕಾಟ್ಲಾಗಳಾದರೂ ಅಲ್ಲಿ ಏಕಿಲ್ಲ? ಅಲ್ಲಿ ಇರುವುದು ಯಾವ ಮೀನುಗಳು? (ಓದುಗರು, ಡೊಂಬಿವಲಿ)

ಉತ್ತರ: ತಾವು ಕಂಡದ್ದು ಐದು ಸರೋವರಗಳ ಸರಪಳಿಯ ಒಂದು ಕೊಂಡಿಯನ್ನು ಮಾತ್ರ. ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ ಮತ್ತು ಒಂಟಾರಿಯೊ ಎಂಬ ಈ ಐದೂ ಸೇರಿ ಸುಮಾರು 2,44,000 ಚದರ ಕಿಲೋಮೀಟರು ಹರಡಿವೆ. ಅಂದರೆ ಇಡೀ ಕರ್ನಾಟಕವನ್ನು ಆ ನೀರಿನಲ್ಲಿ ಇಳಿಸಿದರೂ ಸುತ್ತಲೂ ನೀರು ಮಿಕ್ಕುತ್ತದೆ. ಭೂಮಿಯ ಮೇಲ್ಮೈಯಲ್ಲಿರುವ ದ್ರವರೂಪದ ಸಿಹಿನೀರಿನಲ್ಲಿ ಸುಮಾರು ಐದನೆಯ ಒಂದು ಭಾಗ ಇಲ್ಲಿದೆ. ಸುಪೀರಿಯರಿನ ನೀರು ಹ್ಯೂರನ್ನಿಗೆ ಇಳಿಯುತ್ತದೆ, ಮಿಶಿಗನ್ ಒಂದು ಜಲಸಂಧಿಯ ಮೂಲಕ ಹ್ಯೂರನ್ನಿಗೆ ಸೇರಿಕೊಂಡಿದೆ, ಅಲ್ಲಿಂದ ನೀರು ಈರಿಗೆ ಬಂದು, ನಯಾಗರಾದಲ್ಲಿ ಧುಮುಕಿ ಒಂಟಾರಿಯೊ ಸೇರಿ, ಸೇಂಟ್ ಲಾರೆನ್ಸ್ ನದಿಯಾಗಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ನಯಾಗರಾ ಜಲಪಾತ ಈ ಸರಪಳಿಯ ನಡುವೆ ಎಲ್ಲಿದೆ ಎಂಬುದನ್ನು ದಯವಿಟ್ಟು ನೆನಪಿಡಿ. ಮುಂದಿನ ಉತ್ತರದಲ್ಲಿ ಅದೇ ಮುಖ್ಯವಾಗುತ್ತದೆ.

ರೋಹು, ಕಾಟ್ಲಾಗಳು ಬೆಚ್ಚನೆಯ ನೀರಿನ ಮೀನುಗಳು. ಮುಂಗಾರಿನಲ್ಲಿ ನದಿ ಕೆಂಪೇರಿ ಉಕ್ಕಿದಾಗ ಮೊಟ್ಟೆ ಇಡುವ ಜಾತಿಗಳವು. ಸುಪೀರಿಯರ್ ಸರೋವರದ ನೀರಿನ ಸರಾಸರಿ ಉಷ್ಣತೆ ವರ್ಷವಿಡೀ ಸುಮಾರು 4 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟ ನೀರಿಗಿಂತ ಅದು ಬೆಚ್ಚಗಿಲ್ಲ. ಅಲ್ಲದೆ ಈ ಸರೋವರಗಳು ತೀರ ಎಳೆಯವು. ಮೈಲುಗಟ್ಟಲೆ ದಪ್ಪದ ಹಿಮದ ಹಾಳೆಗಳು ನೆಲವನ್ನು ಉತ್ತು, ಕರಗಿ ಹಿಂದೆ ಸರಿದಾಗ ಉಳಿದ ಗುಂಡಿಗಳು ಇವು. ಇಂದಿನ ಆಕಾರಕ್ಕೆ ಬಂದು ಹತ್ತು ಸಾವಿರ ವರ್ಷಕ್ಕಿಂತ ಹೆಚ್ಚೇನೂ ಆಗಿಲ್ಲ. ಹಿಮಯುಗದಲ್ಲಿ ದಕ್ಷಿಣದ ಮಿಸಿಸಿಪ್ಪಿಯ ಕಡೆಗೂ ಅಟ್ಲಾಂಟಿಕ್ ಕರಾವಳಿಯ ನದಿಗಳ ಕಡೆಗೂ ಸರಿದು ಬದುಕಿದ್ದ ಮೀನುಗಳು, ಕರಗಿದ ನೀರಿನ ಹಾದಿಯನ್ನು ಹಿಡಿದು ಮತ್ತೆ ಉತ್ತರಕ್ಕೆ ಬಂದು ಇಲ್ಲಿ ನೆಲೆಸಿದವು. ಹೊರಗಿನಿಂದ ಬಂದವೂ ಸೇರಿ ಇಂದು ಇಲ್ಲಿ ಸುಮಾರು 170 ಜಾತಿಯ ಮೀನುಗಳಿವೆ. ಅಷ್ಟು ವಿಸ್ತಾರದ ನೀರಿಗೆ ಇದು ದೊಡ್ಡ ಸಂಖ್ಯೆಯೇನಲ್ಲ.

ಈ ಮೀನುಗಳನ್ನು ತಿಳಿದುಕೊಳ್ಳಲು ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ನೀರಿನ ಆಳವನ್ನು ನೋಡುವುದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಸುಪೀರಿಯರಿನ ಸರಾಸರಿ ಆಳ 147 ಮೀಟರು, ಅತಿ ಆಳದ ಜಾಗದಲ್ಲಿ 406 ಮೀಟರು. ಅಲ್ಲಿನ ಒಡೆಯ ಲೇಕ್ ಟ್ರೌಟ್ ಎಂಬ ಮೀನು. ಬೂದು–ಹಸಿರು ಮೈಯ ಮೇಲೆ ಬಿಳಿಚಿಕೊಂಡ ಚುಕ್ಕೆಗಳು, ಕವಲೊಡೆದ ಬಾಲ, ಇತರ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ ಬಾಯಿ. ನಿಧಾನವಾಗಿ ಬೆಳೆದು ಹಲವು ದಶಕ ಬದುಕುತ್ತದೆ. ಒಂದೇ ಜಾತಿಯ ಈ ಮೀನು ಸುಪೀರಿಯರಿನಲ್ಲಿ ಆಳಕ್ಕೆ ತಕ್ಕಂತೆ ಬೇರೆ ಬೇರೆ ಮೈಕಟ್ಟು ತಾಳಿದೆ. ದಂಡೆಯ ಹತ್ತಿರದ್ದು ತೆಳ್ಳಗಿನದು. ಕತ್ತಲೆಯ ಆಳದಲ್ಲಿರುವ, ಸಿಸ್ಕೊವೆಟ್ ಎಂದು ಕರೆಯುವ ಬಗೆಯಲ್ಲಿ ಕೊಬ್ಬು ಎಷ್ಟೆಂದರೆ, ತನ್ನನ್ನು ತಾನೇ ಬೇಯಿಸಿಕೊಳ್ಳುವುದು ಎಂಬ ಅರ್ಥದ ಆ ಹೆಸರನ್ನು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಅದಕ್ಕೆ ಕೊಟ್ಟಿದ್ದಾರೆ. ಗಾಳಿಯ ಚೀಲದಲ್ಲಿ ತುಂಬಿಕೊಳ್ಳುವ ಬದಲು ಕೊಬ್ಬಿನಿಂದಲೇ ಮೈ ಹಗುರ ಮಾಡಿಕೊಂಡು, ಆ ಮೀನು ಆಳದಿಂದ ಮೇಲಕ್ಕೂ ಮೇಲಿಂದ ಆಳಕ್ಕೂ ಓಡಾಡುತ್ತದೆ.

ತಮ್ಮ ಮಗಳ ಅಂಗಡಿಯಲ್ಲಿ ವೈಟ್‌ಫಿಶ್ ಎಂಬ ಹೆಸರಿನಲ್ಲಿ ಕಂಡಿರಬಹುದಾದ ಬೆಳ್ಳಿಬಣ್ಣದ, ಸಣ್ಣ ಬಾಯಿಯ ಮೀನೂ ಇದೇ ತಣ್ಣೀರಿನದು. ಟ್ರೌಟ್, ಸಾಲ್ಮನ್‌ಗಳ ಕುಟುಂಬಕ್ಕೇ ಸೇರಿದ್ದು. ತಳದಲ್ಲಿನ ಹುಳು, ಸೀಗಡಿಯಂಥ ಸಣ್ಣ ಜೀವಿಗಳನ್ನು ಆಯ್ದು ತಿನ್ನುತ್ತದೆ. ಒಜಿಬ್ವೆ ಭಾಷೆಯಲ್ಲಿ ಇದರ ಹೆಸರು ಅದಿಕಮೆಗ್, ಅಂದರೆ ನೀರಿನ ಹಿಮಸಾರಂಗ. ಕಾಡಿನಲ್ಲಿ ಸಾರಂಗ ಹೇಗೋ ನೀರಿನಲ್ಲಿ ಈ ಮೀನು ಹಾಗೆ ಆ ಜನರ ಹೊಟ್ಟೆ ತುಂಬಿಸುತ್ತಿತ್ತು. ಸುಪೀರಿಯರಿನ ನೀರು ಹ್ಯೂರನ್ನಿನ ಕಡೆಗೆ ಇಳಿಯುವ ಸೂ ಸೇಂಟ್ ಮೇರಿ ಎಂಬಲ್ಲಿನ ರಭಸದ ಹರಿವಿನಲ್ಲಿ ಅವರು ತೊಗಟೆಯ ದೋಣಿಯ ಮೇಲೆ ಎದ್ದು ನಿಂತು, ಉದ್ದ ಕೋಲಿನ ಬಲೆಯಿಂದ ಈ ಮೀನನ್ನು ಬಾಚಿ ತೆಗೆಯುತ್ತಿದ್ದರು. ಇದರ ಚಿಕ್ಕ ಬಂಧುಗಳಾದ ಸಿಸ್ಕೊಗಳು ಹಿಂದೆ ಹಲವು ಬಗೆಯಲ್ಲಿದ್ದವು; ಅವುಗಳಲ್ಲಿ ಕೆಲವು ಈಗ ಭೂಮಿಯ ಮೇಲೆ ಎಲ್ಲಿಯೂ ಉಳಿದಿಲ್ಲ.

ಈರಿ ಸರೋವರದ ಬಾಳ್ವೆಯೇ ಬೇರೆ. ಅದರ ಸರಾಸರಿ ಆಳ ಕೇವಲ 19 ಮೀಟರು. ಬೇಸಿಗೆಯಲ್ಲಿ ಬೇಗ ಬಿಸಿಯಾಗುವ, ಹೊಲಗಳ ಗೊಬ್ಬರದ ಸತ್ವ ಹರಿದುಬರುವ ಈ ಸರೋವರವು, ಜನರು ತಿನ್ನುವ ಮೀನಿನ ಲೆಕ್ಕದಲ್ಲಿ ಉಳಿದ ನಾಲ್ಕೂ ಸೇರಿ ಕೊಡುವುದಕ್ಕಿಂತ ಹೆಚ್ಚು ಕೊಡುತ್ತದೆ. ಇಲ್ಲಿನ ಎರಡು ಹೆಸರಾಂತ ಮೀನುಗಳೆಂದರೆ ವಾಲೈ ಮತ್ತು ಹಳದಿ ಪರ್ಚ್. ವಾಲೈ ಮೀನಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವೊಂದಿದೆ. ರಾತ್ರಿ ದೋಣಿಯ ದೀಪ ಬಿದ್ದಾಗ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಕದಡಿದ ನೀರಿನಲ್ಲಿ, ಮುಸ್ಸಂಜೆಯ ಮಬ್ಬಿನಲ್ಲಿ ಬೇಟೆಯಾಡಲು ಆ ಕಣ್ಣು ಹೇಳಿ ಮಾಡಿಸಿದ್ದು. ವಸಂತದಲ್ಲಿ ಅದು ಮಾಮೀ, ಸ್ಯಾಂಡಸ್ಕಿ ನದಿಗಳನ್ನು ಹತ್ತಿ ಮೊಟ್ಟೆ ಇಡುತ್ತದೆ. ಹಳದಿ ಪರ್ಚ್ ಅಂಗೈಗಿಂತ ಸ್ವಲ್ಪ ಉದ್ದದ, ಮೈಮೇಲೆ ಕಪ್ಪು ಪಟ್ಟೆಗಳಿರುವ ಮೀನು. ಮುಂದಿನ ಸಲ ಹೋದಾಗ ದಯವಿಟ್ಟು ಅದನ್ನು ಕೇಳಿ ಕೊಳ್ಳಿ. ಬಿಳಿಯಾದ, ಗಟ್ಟಿಯಾದ, ಸಪ್ಪೆ–ಸಿಹಿಯ ಅದರ ಮಾಂಸ ನಮ್ಮ ಕಾಣೆ ಮೀನನ್ನು ನೆನಪಿಸುತ್ತದೆ, ರವೆ ಹಚ್ಚಿ ಕಾವಲಿಯ ಮೇಲೆ ಹುರಿದರೆ ನಿರಾಸೆಯಾಗದು.

ಇವೆರಡರ ನಡುವೆ, ದಂಡೆಯ ಜೊಂಡು ಮತ್ತು ಕೊಲ್ಲಿಗಳಲ್ಲಿ ಬೇರೆಯೇ ಒಂದು ಜನವಸತಿ ಇದೆ: ಬಾತುಕೋಳಿಯ ಕೊಕ್ಕಿನಂಥ ಮೂತಿಯ ಪೈಕ್, ಅದರ ಅಣ್ಣನಂತಿರುವ ಮಸ್ಕಲಂಜ್, ಗಾಳ ಹಾಕುವವರ ಅಚ್ಚುಮೆಚ್ಚಿನ ಬಾಸ್, ಸೂಜಿಹಲ್ಲಿನ ಗಾರ್, ಗೆಂಡೆಗಳ (ಕಾರ್ಪ್ ಮೀನುಗಳ) ಹಾಗೆ ಕಂಡರೂ ಗೆಂಡೆಯಲ್ಲದ ಡ್ರಮ್. ಬೋಫಿನ್ ಎಂಬ ಮೀನನ್ನು ಕಂಡರೆ ಇಲ್ಲಿನ ಮೀನುಪೇಟೆಯವರು ಮರಳ ಎಂದು ಕರೆಯುವ ಹಾವುತಲೆಯ ಮೀನೆಂದೇ ಭ್ರಮಿಸುತ್ತೀರಿ. ಎರಡಕ್ಕೂ ಬೆನ್ನುದ್ದ ರೆಕ್ಕೆ, ಎರಡೂ ನೀರಿನ ಮೇಲೆ ಬಂದು ಗಾಳಿಯನ್ನು ಗುಟುಕರಿಸುತ್ತವೆ. ಆದರೆ ನಂಟು ಏನೂ ಇಲ್ಲ. ಬೋಫಿನ್ನಿನ ವಂಶ ಡೈನೊಸಾರುಗಳ ಕಾಲದ್ದು.

ಪ್ರಶ್ನೆ: ಅಮೆರಿಕದ ಸರೋವರಗಳಲ್ಲಿ ಸಾಲ್ಮನ್ ಹಿಡಿದ ಚಿತ್ರಗಳನ್ನು ತಮ್ಮನ ಮಗ ಕಳಿಸಿದ್ದ. ಸಾಲ್ಮನ್ ಕಡಲಿನ ಮೀನಲ್ಲವೇ? ನಯಾಗರಾ ಜಲಪಾತವನ್ನು ಹತ್ತಿ ಅದು ಮಿಶಿಗನ್ ಸರೋವರಕ್ಕೆ ಹೇಗೆ ಬಂತು? (ಓದುಗರು, ಮಡಗಾಂವ್)

ಉತ್ತರ: ತಮ್ಮ ಸಂದೇಹ ಸರಿಯಾದ ಜಾಗಕ್ಕೇ ಬಂದು ನಿಂತಿದೆ. ಸುಮಾರು 50 ಮೀಟರು ಎತ್ತರದ ನಯಾಗರಾವನ್ನು ಯಾವ ಮೀನೂ ಹತ್ತಲಾರದು. ಆದ್ದರಿಂದಲೇ ಸಾಗರದ ಜೀವಿಗಳು ಒಂಟಾರಿಯೊ ಸರೋವರದವರೆಗೆ ಬರಬಹುದಾಗಿದ್ದರೂ ಮೇಲಿನ ನಾಲ್ಕು ಸರೋವರಗಳು ಸಾವಿರಾರು ವರ್ಷ ಬಾಗಿಲು ಹಾಕಿದ ಮನೆಯಂತಿದ್ದವು. ಒಂಟಾರಿಯೊದಲ್ಲಿ ಅಟ್ಲಾಂಟಿಕ್ ಸಾಲ್ಮನ್ ಸಹಜವಾಗಿಯೇ ಇತ್ತು. ನದಿಗಳಿಗೆ ಗಿರಣಿಗಳ ಕಟ್ಟೆ ಕಟ್ಟಿ, ದಡದ ಕಾಡು ಕಡಿದ ಮೇಲೆ 19ನೆಯ ಶತಮಾನ ಮುಗಿಯುವಷ್ಟರಲ್ಲಿ ಅದು ಅಲ್ಲಿಂದ ಅಳಿದುಹೋಯಿತು. ಮಿಶಿಗನ್ನಿನಲ್ಲಿ ಇಂದು ಹಿಡಿಯುವ ಕೋಹೊ, ಚಿನೂಕ್ ಸಾಲ್ಮನ್‌ಗಳು ಖಂಡದ ಆ ತುದಿಯ ಪೆಸಿಫಿಕ್ ಸಾಗರದವು. ಅವುಗಳನ್ನು ಮನುಷ್ಯರು ತಂದು ಬಿಟ್ಟರು, ಕೋಹೊವನ್ನು 1966ರಲ್ಲಿ, ಚಿನೂಕನ್ನು 1967ರಲ್ಲಿ. ಏಕೆ ಬಿಟ್ಟರು ಎಂಬುದನ್ನು ಹೇಳಲು ಒಂದು ಕಾಲುವೆಯಿಂದ ಶುರುಮಾಡಬೇಕು.

ಹಡಗುಗಳು ನಯಾಗರಾವನ್ನು ಬಳಸಿಕೊಂಡು ಹೋಗಲೆಂದು 1829ರಲ್ಲಿ ವೆಲಂಡ್ ಕಾಲುವೆಯನ್ನು ತೆರೆದರು. ಹಡಗಿಗೆ ತೆರೆದ ಬಾಗಿಲಿನಲ್ಲಿ ಮೀನೂ ನುಗ್ಗಿತು. ಅವುಗಳಲ್ಲಿ ಅತಿ ಭಯಂಕರವಾದದ್ದು ಸಮುದ್ರದ ಲ್ಯಾಂಪ್ರೆ. ನೋಡಲು ಹಾವುಮೀನಿನಂತಿರುವ ಇದಕ್ಕೆ ದವಡೆಯಿಲ್ಲ. ಬಾಯಿಯೆಂದರೆ ಒಂದು ದುಂಡನೆಯ ಬಟ್ಟಲು, ಅದರ ಒಳಗೋಡೆಯ ತುಂಬ ಸುತ್ತುಸುತ್ತಾಗಿ ಕೊಂಬಿನಂಥ ಹಳದಿ ಹಲ್ಲುಗಳು, ನಡುವೆ ಅರದಂತೆ ಕೆರೆಯುವ ನಾಲಗೆ. ಬಟ್ಟಲನ್ನು ಟ್ರೌಟಿನ ಪಕ್ಕೆಗೆ ಅಂಟಿಸಿ, ಹುರುಪೆ ಕೆರೆದು ತೂತು ಮಾಡಿ, ರಕ್ತ ಹೆಪ್ಪುಗಟ್ಟದಂಥ ರಸವನ್ನು ಒಳಗೆ ಬಿಟ್ಟು, ದಿನಗಟ್ಟಲೆ ಹೀರುತ್ತಲೇ ಇರುತ್ತದೆ. ಬಿಟ್ಟುಹೋದ ಮೇಲೆ ಟ್ರೌಟಿನ ಮೈಮೇಲೆ ಉಳಿಯುವುದು ರೂಪಾಯಿ ನಾಣ್ಯದಗಲದ, ನಡುವೆ ರಂಧ್ರವಿರುವ ಒಂದು ಕೆಂಪು ಗುರುತು. ಕಡಲಿನಲ್ಲಿ ದೊಡ್ಡ ಮೀನುಗಳು ಈ ಪೀಡೆಯನ್ನು ತಾಳಿಕೊಂಡು ಬದುಕುತ್ತವೆ. ಸರೋವರದ ಟ್ರೌಟಿಗೆ ಆ ಅಭ್ಯಾಸವೇ ಇರಲಿಲ್ಲ. ಒಂದು ಲ್ಯಾಂಪ್ರೆ ತನ್ನ ಪ್ರಾಯದ ಒಂದೂವರೆ ವರ್ಷದೊಳಗೆ 18 ಕಿಲೋದಷ್ಟು ಮೀನನ್ನು ಕೊಲ್ಲಬಲ್ಲದು. 1921ರಲ್ಲಿ ಈರಿಯಲ್ಲಿ ಕಾಣಿಸಿಕೊಂಡ ಅದು 1938ರ ಹೊತ್ತಿಗೆ ಸುಪೀರಿಯರನ್ನೂ ತಲುಪಿತ್ತು. ಎರಡೇ ದಶಕಗಳಲ್ಲಿ ಲೇಕ್ ಟ್ರೌಟ್ ಮಿಶಿಗನ್ನಿನಿಂದ ಪೂರ್ತಿಯಾಗಿ, ಹ್ಯೂರನ್ನಿನಿಂದ ಬಹುತೇಕ ಮಾಯವಾಯಿತು. ಅತಿಯಾಗಿ ಬಲೆ ಹಾಕಿದ್ದೂ ಅದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಲ್ಯಾಂಪ್ರೆ ಬರುವ ಮೊದಲೇ ಮೀನು ಸೊರಗಿತ್ತು.

ಬೇಟೆಗಾರ ಮೀನು ಸತ್ತ ಮೇಲೆ, ಅದೇ ಬಾಗಿಲಿನಿಂದ ಬಂದಿದ್ದ ಇನ್ನೊಂದು ಕಡಲಮೀನು, ನಮ್ಮ ಭೂತಾಯಿಯ ದೂರದ ಬಂಧುವಾದ ಏಲ್‌ವೈಫ್, ಹಿಡಿಯುವವರಿಲ್ಲದೆ ಹೆಚ್ಚಿತು. 1967ರ ಬೇಸಿಗೆಯಲ್ಲಿ ಮಿಶಿಗನ್ ಸರೋವರದಲ್ಲಿ ಅವು ರಾಶಿರಾಶಿಯಾಗಿ ಸತ್ತು, ಶಿಕಾಗೊದ ಮರಳದಂಡೆಯ ಮೇಲೆ ಕೊಳೆತ ಮೀನನ್ನು ಬುಲ್ಡೋಜರಿನಿಂದ ಎತ್ತಿಸಬೇಕಾಯಿತು. ಆ ಏಲ್‌ವೈಫನ್ನು ತಿನ್ನಲಿ, ಗಾಳ ಹಾಕುವವರಿಗೂ ಆಟ ಸಿಗಲಿ ಎಂದು ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೊವಾರ್ಡ್ ಟ್ಯಾನರ್ ಅವರು ಪೆಸಿಫಿಕ್ಕಿನ ಸಾಲ್ಮನ್ ತರಿಸಿ ಬಿಟ್ಟರು. ಅದು ಗೆದ್ದಿತೆಂಬುದು ನಿಜ. ಆದರೆ ಹೊರಗಿನ ಮೀನನ್ನು ತಿನ್ನಲು ಹೊರಗಿನ ಇನ್ನೊಂದು ಮೀನನ್ನು ತಂದ ಆ ಮನೆ ಎಂದಿಗೂ ನೆಟ್ಟಗೆ ನಿಲ್ಲಲಿಲ್ಲ. ಹ್ಯೂರನ್ನಿನಲ್ಲಿ 2000ದ ದಶಕದ ಆರಂಭದಲ್ಲಿ ಏಲ್‌ವೈಫ್ ಕುಸಿದಾಗ ಅದನ್ನೇ ನಂಬಿದ್ದ ಚಿನೂಕ್ ಕೂಡ ಕುಸಿಯಿತು.

ಲ್ಯಾಂಪ್ರೆಯ ಕಥೆಯನ್ನು ಮಾತ್ರ ಅರ್ಧಕ್ಕೆ ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಮನುಷ್ಯರು ಹೊರಗಿನ ಜೀವಿಯೊಂದನ್ನು ಅಷ್ಟು ದೊಡ್ಡ ನೀರಿನಲ್ಲಿ ಹಿಡಿತಕ್ಕೆ ತಂದ ಉದಾಹರಣೆ ಬಲು ಅಪರೂಪ. ಲ್ಯಾಂಪ್ರೆಯ ಮರಿಗಳು ಸರೋವರದಲ್ಲಿ ಹುಟ್ಟುವುದಿಲ್ಲ; ಸರೋವರ ಸೇರುವ ತೊರೆಗಳ ಕೆಸರಿನಲ್ಲಿ ಕಣ್ಣಿಲ್ಲದ ಹುಳುವಿನಂತೆ ಮೂರು ನಾಲ್ಕು ವರ್ಷವೋ ಇನ್ನೂ ಹೆಚ್ಚೋ ಕಾಲ ಹೂತುಕೊಂಡಿರುತ್ತವೆ. ಅಲ್ಲಿಯೇ ಅವನ್ನು ಹಿಡಿಯಬೇಕೆಂದು ಹ್ಯೂರನ್ ದಂಡೆಯ ಹ್ಯಾಮಂಡ್ ಬೇ ಪ್ರಯೋಗಾಲಯದಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಅವರ ಸಂಗಡಿಗರು ಸುಮಾರು 6,000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು: ಗಾಜಿನ ಜಾಡಿಯಲ್ಲಿ ಲ್ಯಾಂಪ್ರೆ ಮರಿಗಳ ಜೊತೆ ಬೇರೆ ಮೀನಿನ ಮರಿಗಳನ್ನು ಬಿಡುವುದು, ಒಂದು ಪುಡಿ ಹಾಕುವುದು, ಯಾವುದು ಸತ್ತಿತು ಯಾವುದು ಉಳಿಯಿತು ಎಂದು ಬರೆದುಕೊಳ್ಳುವುದು, ಜಾಡಿ ತೊಳೆದು ಮತ್ತೊಂದನ್ನು ಹಾಕುವುದು. ಇತರ ಮೀನುಗಳನ್ನು ಹೆಚ್ಚಾಗಿ ಉಳಿಸಿ ಲ್ಯಾಂಪ್ರೆಯನ್ನು ಕೊಲ್ಲುವ, ಟಿಎಫ್‌ಎಂ ಎಂಬ ವಸ್ತುವನ್ನು 1958ರಿಂದ ತೊರೆಗಳಿಗೆ ಹಾಕತೊಡಗಿದರು. ಅಮೆರಿಕ ಮತ್ತು ಕೆನಡಾ ದೇಶಗಳು ಸೇರಿ 1955ರಲ್ಲಿ ಸ್ಥಾಪಿಸಿದ ಮಹಾ ಸರೋವರಗಳ ಮೀನುಗಾರಿಕೆ ಆಯೋಗದ ಮೇಲ್ವಿಚಾರಣೆಯಲ್ಲಿ ಆ ಕೆಲಸ ಇಂದಿಗೂ ನಡೆದಿದೆ. ಲ್ಯಾಂಪ್ರೆಗಳ ಸಂಖ್ಯೆ ಹಿಂದಿನ ಹತ್ತನೆಯ ಒಂದು ಪಾಲಿಗೆ ಇಳಿದಿದೆ, ಆದರೆ ಅಳಿದಿಲ್ಲ. ಕೊರೊನಾ ಕಾಲದಲ್ಲಿ ಸಿಬ್ಬಂದಿ ತೊರೆಗಳಿಗೆ ಹೋಗಲಾಗದೆ ಕೆಲಸ ತಗ್ಗಿದ ತಕ್ಷಣ ಮತ್ತೆ ಹೆಚ್ಚಿದವು. ಸುಪೀರಿಯರಿನ ಬಹುಭಾಗದಲ್ಲಿ ಲೇಕ್ ಟ್ರೌಟ್ ತಾನಾಗಿ ಮರಿಹಾಕಿ ಹಿಂದಿನ ಸ್ಥಿತಿಗೆ ಮರಳಿದೆಯೆಂದು ಆಯೋಗವು 2024ರಲ್ಲಿ ಸಾರಿತು. ಜಾಡಿ ತೊಳೆದವರಿಗೆ ಸಲ್ಲಬೇಕಾದ ಗೌರವ ಅದು ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಏಷ್ಯಾದ ಕಾರ್ಪ್ ಮೀನುಗಳು ಮಹಾ ಸರೋವರಗಳಿಗೆ ನುಗ್ಗದಂತೆ ಅಮೆರಿಕದವರು ಕಾಲುವೆಗೆ ವಿದ್ಯುತ್ ಹಾಯಿಸಿದ್ದಾರೆಂದು ಓದಿದೆ. ನಾವು ವಾರಕ್ಕೊಮ್ಮೆ ಸಾರು ಮಾಡುವ ರೋಹುವಿನ ಮೇಲೆ ಇಷ್ಟು ಹಗೆಯೇ? (ವಿದ್ಯಾರ್ಥಿ, ಚಿಂಚವಡ)

ಉತ್ತರ: ಅವರು ಹೆದರಿರುವುದು ರೋಹುವಿಗಲ್ಲ. ರೋಹು, ಕಾಟ್ಲಾ, ಮೃಗಾಲ್ ಮೂರೂ ಗೆಂಡೆಯ ಕುಟುಂಬದವೇ ಆದರೂ ಭಾರತದ ನದಿಗಳವು. ಅಲ್ಲಿ ಏಷ್ಯಾದ ಕಾರ್ಪ್ ಎಂದು ಕರೆಯುವುದು ಪೂರ್ವ ಏಷ್ಯಾದ, ಮುಖ್ಯವಾಗಿ ಚೀನಾದ ನಾಲ್ಕು ಜಾತಿಗಳನ್ನು: ಬೆಳ್ಳಿ ಗೆಂಡೆ, ದೊಡ್ಡತಲೆ ಗೆಂಡೆ, ಹುಲ್ಲು ಗೆಂಡೆ ಮತ್ತು ಕಪ್ಪು ಗೆಂಡೆ. ಆದರೆ ಇವುಗಳಲ್ಲಿ ಬೆಳ್ಳಿ ಗೆಂಡೆ ನಿನಗೂ ಹೊಸದಲ್ಲ. 1959ರಲ್ಲಿ ಭಾರತಕ್ಕೆ ತಂದ ಈ ಮೀನು ಪುಣೆಯ ಗಣೇಶ ಪೇಟೆಯ ಮೀನುಪೇಟೆಯಲ್ಲಿ ಸಿಲ್ವರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಮ್ಮೆ ಅಲ್ಲಿ ಮೀನು ಕತ್ತರಿಸುತ್ತಿದ್ದ ಮಾವಶಿಯವರನ್ನು ಕೇಳಿ ಅದರ ಕಿವಿರು ನೋಡಿದ್ದೆ. ಮಿಕ್ಕ ಮೀನುಗಳ ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯಂಥ ಹಲ್ಲುಗಳಿದ್ದರೆ, ಬೆಳ್ಳಿ ಗೆಂಡೆಯಲ್ಲಿ ಅವೆಲ್ಲ ಒಂದಕ್ಕೊಂದು ಬೆಸೆದು ಪಾತ್ರೆ ಉಜ್ಜುವ ಸ್ಪಂಜಿನಂತಾಗಿದ್ದವು. ಕಣ್ಣಿಗೆ ಕಾಣದ ಪಾಚಿಯ ಕಣಗಳನ್ನು ಕೂಡ ಸೋಸಿ ತಿನ್ನಲು ಅದೇ ಸಾಧನ. ಬಹುತೇಕ ಮೀನುಗಳ ಮರಿಗಳು ಮೊದಲ ವಾರಗಳಲ್ಲಿ ಬದುಕುವುದು ಇಂಥ ಸೂಕ್ಷ್ಮ ಜೀವಿಗಳ ಮೇಲೆಯೇ; ಅದನ್ನೇ ಸೋಸಿ ಮುಗಿಸುವ ಮೀನು ಬಂದರೆ ಇತರ ಮರಿಗಳಿಗೆ ಉಣ್ಣಲು ಏನು ಉಳಿಯುತ್ತದೆ?

ಅಮೆರಿಕದವರು 1960 ಮತ್ತು 1970ರ ದಶಕಗಳಲ್ಲಿ, ಮೀನುಸಾಕಣೆಯ ಹೊಂಡಗಳನ್ನೂ ಕೊಳಚೆನೀರಿನ ಹೊಂಡಗಳನ್ನೂ ಶುಚಿಯಾಗಿಡಲೆಂದು ಈ ಗೆಂಡೆಗಳನ್ನು ತಾವೇ ತರಿಸಿಕೊಂಡರು. ಅವು ಹೊಂಡ ದಾಟಿ ಮಿಸಿಸಿಪ್ಪಿ ನದಿಗೆ ಬಿದ್ದು, ಅಲ್ಲಿಂದ ಇಲಿನಾಯ್ ನದಿಯನ್ನು ತುಂಬಿಕೊಂಡವು. ಮೋಟಾರು ದೋಣಿಯ ಸದ್ದಿಗೆ ಬೆದರಿ ಬೆಳ್ಳಿ ಗೆಂಡೆಗಳು ಆಳೆತ್ತರಕ್ಕೂ ಮೀರಿ ಹಿಂಡುಹಿಂಡಾಗಿ ನೆಗೆಯುತ್ತವೆ. ದೋಣಿಯಲ್ಲಿದ್ದವರ ಮುಖಕ್ಕೆ ಬಡಿದು ಮೂಳೆ ಮುರಿದದ್ದೂ ಉಂಟು. ಮಿಸಿಸಿಪ್ಪಿಯ ನೀರಿಗೂ ಮಿಶಿಗನ್ ಸರೋವರಕ್ಕೂ ಪ್ರಕೃತಿಯಲ್ಲಿ ಸಂಪರ್ಕವಿರಲಿಲ್ಲ. ಇಲ್ಲಿಯೂ ಬಾಗಿಲು ತೆರೆದದ್ದು ಒಂದು ಕಾಲುವೆಯೇ: ಶಿಕಾಗೊದ ಕೊಳಚೆ ಕುಡಿಯುವ ನೀರಿನ ಸರೋವರಕ್ಕೆ ಸೇರದಿರಲೆಂದು 1900ರಲ್ಲಿ ಕಾಲುವೆ ತೋಡಿ, ಶಿಕಾಗೊ ನದಿಯ ಹರಿವನ್ನೇ ಹಿಂದುಮುಂದಾಗಿ ತಿರುಗಿಸಿದರು. ಆ ಕಾಲುವೆಯಲ್ಲಿ ರೋಮಿಯೊವಿಲ್ ಎಂಬಲ್ಲಿ 2002ರಿಂದ ನೀರಿಗೆ ವಿದ್ಯುತ್ತಿನ ಮಿಡಿತಗಳನ್ನು ಹರಿಸುತ್ತಿದ್ದಾರೆ. ಹತ್ತಿರ ಬಂದ ಮೀನು ಜುಮ್ಮೆನ್ನಿಸಿಕೊಂಡು ಹಿಂದಿರುಗುತ್ತದೆ. ಹುಲ್ಲು ಗೆಂಡೆ ಮಾತ್ರ ಈಗಾಗಲೇ ಈರಿಗೆ ಸೇರುವ ಸ್ಯಾಂಡಸ್ಕಿ, ಮಾಮೀ ನದಿಗಳಲ್ಲಿ ಮೊಟ್ಟೆ ಇಡತೊಡಗಿದೆ.

ಈ ಹೆದರಿಕೆ ಅತಿಯಾದದ್ದೆಂದು ನಿನಗೆ ತೋರಬಹುದು. ನಮ್ಮಲ್ಲಿ ಆದದ್ದನ್ನು ನೋಡು. ಹಿಮಾಚಲ ಪ್ರದೇಶದ ಗೋಬಿಂದ ಸಾಗರ ಜಲಾಶಯಕ್ಕೆ 1970ರ ದಶಕದ ಆರಂಭದಲ್ಲಿ ಬೆಳ್ಳಿ ಗೆಂಡೆ ಆಕಸ್ಮಿಕವಾಗಿ ಸೇರಿ, ಅದೇ ಆಹಾರವನ್ನು ನಂಬಿದ್ದ ಕಾಟ್ಲಾವನ್ನು ಬಹುಮಟ್ಟಿಗೆ ಮೂಲೆಗೊತ್ತಿತು. ಉಜನಿಯಲ್ಲಿ ನಾವು ಚಿಲಾಪಿ ಎಂದು ಚಪ್ಪರಿಸುವ ತಿಲಾಪಿಯಾ ಆಫ್ರಿಕದ ಮೂಲದ್ದು. ಅದೇ ಭೀಮೆಯ ನೀರು ಮುಂದೆ ಕಲಬುರಗಿ, ವಿಜಯಪುರಗಳ ಕಡೆಗೆ ಹರಿಯುತ್ತದೆ. ಇನ್ನೂ ನೋವಿನದು ನಮ್ಮ ಕಾವೇರಿಯದು. ಲೋಣಾವಳೆಯಲ್ಲಿ ಸಾಕಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ಕಾವೇರಿಗೇ ಸೇರಿದ ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಸ್ಥಾನ ಕಳೆದುಕೊಳ್ಳುತ್ತ ಬಂದು, 2018ರಲ್ಲಿ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿತು. ಹೊರಗಿನಿಂದ ತಂದ ಮೀನು ತಿನ್ನಲು ರುಚಿಯೋ ಅಲ್ಲವೋ ಎಂಬುದು ಬೇರೆ ವಿಚಾರ. ಇನ್ನೊಂದು ನೀರಿಗೆ ಬಿಟ್ಟ ಮೇಲೆ ಅದನ್ನು ಮರಳಿ ಕರೆದುಕೊಳ್ಳಲಾಗದು ಎಂಬುದನ್ನೇ ನಾನು ಒತ್ತಿ ಹೇಳಬಯಸುವುದು.

ಪ್ರಶ್ನೆ: ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮೀನುಗಳು ಹೇಗೆ ಬದುಕುತ್ತವೆ? (ಓದುಗರು, ಕಾಂದಿವಲಿ)

ಉತ್ತರ: ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ನಿಂತು, ಮೇಲಿನಿಂದಲೇ ಗಡ್ಡೆಕಟ್ಟುತ್ತದೆ. ಕೆಳಗೆ ದ್ರವರೂಪದ ನೀರು ಇದ್ದೇ ಇರುತ್ತದೆ. ಮೀನುಗಳು ಅಲ್ಲಿ ಕಡಿಮೆ ತಿಂದು, ಕಡಿಮೆ ಅಲುಗಾಡಿ ಕಾಲ ನೂಕುತ್ತವೆ. ಆಳವಿಲ್ಲದ ಈರಿ ಹಲವು ಚಳಿಗಾಲಗಳಲ್ಲಿ ಬಹುತೇಕ ಪೂರ್ತಿ ಮುಚ್ಚಿಕೊಂಡರೆ, ಉಳಿದವು ಸಾಮಾನ್ಯವಾಗಿ ಭಾಗಶಃ ಮಾತ್ರ. ಬರ್ಬಟ್ ಎಂಬ ಮೀನು ಇದಕ್ಕೆ ತದ್ವಿರುದ್ಧ; ಕಡಲಿನ ಕಾಡ್ ಮೀನಿನ ಬಂಧುಗಳಲ್ಲಿ ಸಿಹಿನೀರಿನಲ್ಲೇ ಬದುಕು ಕಟ್ಟಿಕೊಂಡಿರುವುದು ಇದೊಂದೇ, ನಡುಚಳಿಗಾಲದಲ್ಲಿ ಹಿಮದ ಅಡಿಯಲ್ಲಿಯೇ ಮೊಟ್ಟೆ ಇಡುತ್ತದೆ.

ಪ್ರಶ್ನೆ: ಮಗ ಡೆಟ್ರಾಯಿಟ್‌ನಲ್ಲಿದ್ದಾನೆ, ಸೊಸೆ ಈಗ ಬಸುರಿ. ಗೆಳೆಯರು ಸರೋವರದಲ್ಲಿ ಹಿಡಿದ ಮೀನು ತಂದುಕೊಡುತ್ತಾರಂತೆ. ತಿನ್ನಬಹುದೇ? (ಓದುಗರು, ಕೊತ್ರೂಡ್)

ಉತ್ತರ: ಈ ಪ್ರಶ್ನೆಗೆ ಸಲೀಸಾಗಿ ಹೌದು ಎನ್ನಲಾರೆ, ಬೇಡ ಎಂದೂ ಹೇಳಲಾರೆ. ಕಾರ್ಖಾನೆಗಳ ಕಾಲದಲ್ಲಿ ನೀರಿಗೆ ಸೇರಿದ ಪಿಸಿಬಿ ಎಂಬ ರಾಸಾಯನಿಕಗಳ ತಯಾರಿಕೆಯನ್ನು ಅಮೆರಿಕ 1979ರಲ್ಲಿ ನಿಷೇಧಿಸಿದರೂ, ತಳದ ಕೆಸರಿನಲ್ಲಿ ಅವು ಉಳಿದುಕೊಂಡು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಹೋಗುತ್ತವೆ. ಅವು ಕೂಡಿಕೊಳ್ಳುವುದು ಕೊಬ್ಬಿನಲ್ಲಿ. ಆದ್ದರಿಂದ ಚರ್ಮವನ್ನೂ ಹೊಟ್ಟೆ, ಬೆನ್ನುಗಳ ಕೊಬ್ಬನ್ನೂ ತೆಗೆದು, ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಸುಟ್ಟು ತಿಂದರೆ ಪ್ರಮಾಣ ಇಳಿಯುತ್ತದೆ. ಪಾದರಸದ ಮಾತು ಬೇರೆ. ಅದು ಮಾಂಸದಲ್ಲೇ ಬೆರೆತಿರುವುದರಿಂದ ಎಷ್ಟು ಕತ್ತರಿಸಿದರೂ ಹೋಗುವುದಿಲ್ಲ. ಎರಡರ ದೃಷ್ಟಿಯಿಂದಲೂ ಹಿಡಿದ ಮೀನು ಎಷ್ಟು ದೊಡ್ಡದೋ ಎಷ್ಟು ಮುದಿಯೋ ಅಷ್ಟು ಎಚ್ಚರ ಬೇಕು. ದೊಡ್ಡ ಲೇಕ್ ಟ್ರೌಟ್, ಗೆಂಡೆ, ಕ್ಯಾಟ್‌ಫಿಶ್‌ಗಳನ್ನು ಸೊಸೆಯವರು ಈಗ ಬಿಡುವುದು ಲೇಸು. ಚಿಕ್ಕ ಹಳದಿ ಪರ್ಚ್ ಅವುಗಳಿಗಿಂತ ವಾಸಿ. ಮಿಶಿಗನ್ ರಾಜ್ಯದ ಆರೋಗ್ಯ ಇಲಾಖೆಯು ಯಾವ ನೀರಿನ, ಯಾವ ಜಾತಿಯ, ಎಷ್ಟು ಉದ್ದದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಉಚಿತ ಕೈಪಿಡಿಯನ್ನೇ ಕೊಡುತ್ತದೆ. ಅದನ್ನು ನೋಡಿ, ವೈದ್ಯರನ್ನೂ ಕೇಳಿಯೇ ಒಲೆ ಹಚ್ಚಲು ತಿಳಿಸಿ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಆ ಸರೋವರಗಳಲ್ಲಿ ಅತಿ ದೊಡ್ಡ ಮೀನು ಯಾವುದು? (ವಿದ್ಯಾರ್ಥಿನಿ, ಠಾಣೆ)

ಉತ್ತರ: ಲೇಕ್ ಸ್ಟರ್ಜನ್, ಮಗು. ಎರಡು ಮೀಟರಿಗೂ ಮೀರಿ ಉದ್ದ, ನೂರು ಕಿಲೋಗೂ ಹೆಚ್ಚು ತೂಕ ಬೆಳೆಯಬಲ್ಲದು. ಮೈಮೇಲೆ ಸಾಧಾರಣ ಹುರುಪೆಗಳಿಲ್ಲ. ತಲೆಯಿಂದ ಬಾಲದವರೆಗೆ ಐದು ಸಾಲು ಮೂಳೆಯ ಬಿಲ್ಲೆಗಳಿವೆ. ಎಳೆಯ ಮೀನಿನಲ್ಲಿ ಅವು ಮುಳ್ಳಿನಂತೆ ಚೂಪಾಗಿದ್ದು, ವಯಸ್ಸಾದಂತೆ ಸವೆದು ನುಣುಪಾಗುತ್ತವೆ. ಬಾಯಲ್ಲಿ ಹಲ್ಲಿಲ್ಲ. ಮೂತಿಯ ಕೆಳಗೆ ಇಳಿಬಿದ್ದ ನಾಲ್ಕು ಮೀಸೆಗಳಿಂದ ಸರೋವರದ ತಳವನ್ನು ತಡವುತ್ತ ಸಾಗಿ, ಬಸವನಹುಳುವೋ ಹುಳುವೋ ತಗುಲಿದಾಗ ಬಾಯಿಯನ್ನು ಸೊಂಡಿಲಿನಂತೆ ಕೆಳಕ್ಕೆ ಚಾಚಿ ಎಳೆದುಕೊಳ್ಳುತ್ತದೆ. ಇಷ್ಟು ದೊಡ್ಡ ಮೀನು ಇಷ್ಟು ಸಾಧುವಾಗಿರುವುದನ್ನು ತಿಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇದರ ಆಯುಸ್ಸು ಕೇಳಿದರೆ ನೀನು ನಂಬಲಿಕ್ಕಿಲ್ಲ. ಗಂಡು ಐವತ್ತು ವರ್ಷ ದಾಟುತ್ತದೆ. ಹೆಣ್ಣು ನೂರು ವರ್ಷವನ್ನೂ ದಾಟಬಲ್ಲದು. ರೆಕ್ಕೆಯ ಮೂಳೆಯನ್ನು ಕೊಯ್ದು, ಮರದ ಕಾಂಡದಲ್ಲಿ ಎಣಿಸುವಂತೆ ವರ್ಷದ ಉಂಗುರಗಳನ್ನು ಎಣಿಸಿ ಇದನ್ನು ಕಂಡುಕೊಳ್ಳುತ್ತಾರೆ. ಹಾಗಿದ್ದೂ 19ನೆಯ ಶತಮಾನದ ಮೀನುಗಾರರಿಗೆ ಈ ಮೀನು ಮೊದಮೊದಲು ಬಲೆ ಹರಿಯುವ ಉಪದ್ರವವಾಗಿ ಕಂಡಿತು. ಹಿಡಿದು ದಂಡೆಯ ಮೇಲೆ ಕೊಳೆಯಲು ಎಸೆದರು. ಒಣಗಿಸಿ, ಎಣ್ಣೆಯ ಮೈಯನ್ನು ಸೌದೆಯಂತೆ ಉಗಿದೋಣಿಗಳ ಒಲೆಗೆ ಹಾಕಿದರು. ಅದರ ಮೊಟ್ಟೆಗೆ ಕ್ಯಾವಿಯಾರ್ ಎಂದು ಬೆಲೆ ಬಂದ ಮೇಲೆ ಹಣಕ್ಕಾಗಿ ಹಿಡಿದರು. ಕೆಲವೇ ದಶಕಗಳಲ್ಲಿ ಈರಿಯಂಥ ಸರೋವರವೂ ಬರಿದಾಯಿತು. ಬೇರೆ ಮೀನಾಗಿದ್ದರೆ ಬೇಟೆ ನಿಂತ ಮೇಲೆ ಹತ್ತಿಪ್ಪತ್ತು ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತಿತ್ತು. ಸ್ಟರ್ಜನ್ ಹೆಣ್ಣು ಮೊದಲ ಸಲ ಮೊಟ್ಟೆ ಇಡುವುದೇ ಸಾಮಾನ್ಯವಾಗಿ 20ರಿಂದ 25ನೆಯ ವಯಸ್ಸಿನಲ್ಲಿ. ಆಮೇಲೂ ಪ್ರತಿ ವರ್ಷವಲ್ಲ, ನಾಲ್ಕೋ ಆರೋ ವರ್ಷಕ್ಕೊಮ್ಮೆ.

ಈರಿಗೆ ಸೇರುವ ಮಾಮೀ ನದಿಯಿಂದ ಈ ಮೀನು ಪೂರ್ತಿಯಾಗಿ ಅಳಿದುಹೋಗಿತ್ತು. 2018ರಿಂದ ಅಲ್ಲಿ, ಟೊಲಿಡೊ ನಗರದ ಮೃಗಾಲಯದ ಆಸರೆಯಲ್ಲಿ ಅದೇ ನದಿಯ ನೀರಿನಲ್ಲಿ ಸಾಕಿದ ಗೇಣುದ್ದದ ಮರಿಗಳನ್ನು ಬಿಡುತ್ತಿದ್ದಾರೆ. ಹುಟ್ಟಿ ಬೆಳೆದ ನೀರಿನ ವಾಸನೆಯನ್ನು ನೆನಪಿಟ್ಟುಕೊಂಡು ದೊಡ್ಡವಾದ ಮೇಲೆ ಅಲ್ಲಿಗೇ ಮರಳಲಿ ಎಂಬುದು ಲೆಕ್ಕಾಚಾರ. ಮರಿಗಳ ಮೈಯೊಳಗೆ ಅಕ್ಕಿಕಾಳಿನಷ್ಟು ಗಾತ್ರದ ಗುರುತುಚೀಟಿಯನ್ನೂ ಇಟ್ಟಿರುತ್ತಾರೆ. ಆ ಮೊದಲ ವರ್ಷ ಬಿಟ್ಟ ಮರಿಗಳಲ್ಲಿ ಬದುಕಿ ಉಳಿದ ಹೆಣ್ಣುಗಳು ಮೊಟ್ಟೆ ಇಡಲು ಮಾಮೀ ನದಿಯನ್ನು ಹತ್ತುವುದು 2040ರ ಆಚೀಚೆ. ಆಗ ನಿನಗೆ ಸುಮಾರು ಮೂವತ್ತು ವರ್ಷವಾಗಿರುತ್ತದೆ.